ಮೊದಲು ನೋಡಿದವನು, ಮೊದಲು ಅರಿತವನು

ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಮೊದಲು ಚಿತ್ರ ಬರೆದವನು ಗೆಲಿಲಿಯೊ ಎಂಬುದು ಸಾಮಾನ್ಯ ನಂಬಿಕೆ. ಆದರೆ ಅವನಿಗಿಂತ ಕೆಲವು ತಿಂಗಳು ಮೊದಲೇ, ಅಂದಿನ ಇಂಗ್ಲಿಷ್ ಪಂಚಾಂಗದ ಪ್ರಕಾರ 1609ರ ಜುಲೈ 26ರಂದು, ಲಂಡನ್ ಸಮೀಪದ ಸಯಾನ್ ಹೌಸ್‌ನಲ್ಲಿ ಥಾಮಸ್ ಹ್ಯಾರಿಯಟ್ ಆ ಕೆಲಸ ಮಾಡಿದ್ದ. ಅವನ ದೂರದರ್ಶಕದ ಶಕ್ತಿ ಆರು ಪಟ್ಟು. ಚಿತ್ರದಲ್ಲಿದ್ದುದು ಬೆಳಕು ಕತ್ತಲೆಗಳ ನಡುವಣ ಅಂಕುಡೊಂಕು ಗೆರೆ, ಒಂದಿಷ್ಟು ಕಪ್ಪು ಮಚ್ಚೆ, ಬೆಟ್ಟವಿಲ್ಲ, ಕುಳಿಯಿಲ್ಲ.

ಗೆಲಿಲಿಯೊನಿಗೆ ಇನ್ನೂ ಶಕ್ತಿಯುತವಾದ ದೂರದರ್ಶಕವಿತ್ತು; ಜೊತೆಗೆ ಚಿತ್ರಕಲೆಯ ಅಭ್ಯಾಸವೂ ಇತ್ತು. ಕತ್ತಲ ಭಾಗದಲ್ಲಿ ಹೊಳೆಯುವ ಚುಕ್ಕೆಗಳು ಬಿಸಿಲು ತಾಗಿದ ಬೆಟ್ಟದ ತುದಿಗಳೆಂದು ಅವನು ಅರಿತ. 1610ರ ಮಾರ್ಚ್‌ನಲ್ಲಿ ಅವನ ಪುಸ್ತಕ ಹೊರಬಂತು. ಅನಂತರ ಹ್ಯಾರಿಯಟ್ ಬರೆದ ಚಿತ್ರಗಳಲ್ಲೂ ಕುಳಿಗಳು ಮೂಡಿದವು! ಆದರೆ ಅವನು ಅವನ್ನು ಪ್ರಕಟಿಸಲಿಲ್ಲ. ಕೀರ್ತಿ ಗೆಲಿಲಿಯೊನ ಪಾಲಾಯಿತು. ಚಂದ್ರ ಇಬ್ಬರಿಗೂ ಒಬ್ಬನೇ. ನೆರಳನ್ನು ಓದಬಲ್ಲ ಕಣ್ಣಿಗೆ ಮಾತ್ರ ಅವನ ಬೆಟ್ಟಗಳು ಮೊದಲು ಕಂಡವು.