ಚೀಟಿ ಕೀಳುವ ಮೊದಲು

ನಮ್ಮ ಸಂಪಾಜೆ ಕಡೆ ಬಾಟಲಿಗೆ ಕುಪ್ಪಿ ಎನ್ನುತ್ತಾರೆ. ಗಡಿ ದಾಟಿ ಕೇರಳಕ್ಕೆ ಹೋದರೆ ಗಾಜಿನ ಬಳೆಯೂ ‘ಕುಪ್ಪಿವಳ’ವೇ. ಶಾಲೆಯ ಪುಸ್ತಕದಲ್ಲಿ ಮಾತ್ರ ಅದು ಶೀಸೆ, ಪಾರಸಿಯಿಂದ ಬಂದ ಮಾತು. ಹೆಸರು ಯಾವುದೇ ಇರಲಿ, ನನ್ನ ಬಾಲ್ಯದಲ್ಲಿ ಖಾಲಿ ಕುಪ್ಪಿಯನ್ನು ಎಸೆಯುವುದೆಂದರೆ ಅನ್ನ ಎಸೆದಷ್ಟೇ ಅಪರಾಧ. ತೆಂಗಿನೆಣ್ಣೆಗೆ ಒಂದು, ಚಿಮಣಿ ಎಣ್ಣೆಗೆ ಒಂದು, ಕಷಾಯಕ್ಕೆ ಒಂದು, ಜೇನಿಗೆ ನಾಲ್ಕು. ಅಗಲ ಬಾಯಿಯ ಹಾರ್ಲಿಕ್ಸ್ ಕುಪ್ಪಿ ಸಿಕ್ಕಿದರಂತೂ ಹಬ್ಬ. ಉಪ್ಪಿನಕಾಯಿಯೋ, ಹುಣಸೆಹುಳಿಯೋ, ಯಾವುದು ಅದರೊಳಗೆ ಹೋಗಬೇಕೆಂದು ಅಮ್ಮ ಎರಡು ದಿನ ಯೋಚಿಸುತ್ತಿದ್ದಳು.

ಕುಪ್ಪಿ ಮನೆಗೆ ಬಂದೊಡನೆ ಮೊದಲ ಕೆಲಸ ಅದರ ಚೀಟಿ ಕೀಳುವುದು. ಅಮ್ಮನಿಗೆ ಇದರಲ್ಲಿ ಒಂದು ಶಿಸ್ತಿತ್ತು. ಸಂಜೆ ಬಚ್ಚಲ ಹಂಡೆಯ ಬಿಸಿನೀರು ತೆಗೆದು, ಒಂದು ಹಿಡಿ ಒಲೆಯ ಬೂದಿ ಕದಡಿ, ಕುಪ್ಪಿಗಳನ್ನು ಅದರಲ್ಲಿ ಮುಳುಗಿಸಿಡುವುದು. ಬೆಳಗಾಗುವಷ್ಟರಲ್ಲಿ ಚೀಟಿ ತಾನಾಗಿ ಬಿಟ್ಟುಕೊಂಡು ನೀರಿನ ಮೇಲೆ ತೇಲುತ್ತಿತ್ತು. ಉಳಿದ ಅಂಟನ್ನು ತೆಂಗಿನ ನಾರಿನಿಂದ ಉಜ್ಜಿ, ಒಳಗೆ ಹೊಳೆಯ ಮರಳು, ಸ್ವಲ್ಪ ಉಮಿ, ನೀರು ಹಾಕಿ ಕುಲುಕಿದರೆ ಕುಪ್ಪಿ ಫಳಫಳ. ಆಮೇಲೆ ಅಂಗಳದ ಬಿಸಿಲಿಗೆ ಕವುಚಿ ಇಡುವುದು. ಈ ಕುಲುಕುವ ಕೆಲಸ ನನ್ನದು.

ಆ ಚೀಟಿಗಳು ಅಷ್ಟು ಸುಲಭವಾಗಿ ಬರುತ್ತಿದ್ದುದಕ್ಕೆ ಕಾರಣ ನನಗೆ ತಿಳಿದದ್ದು ಟೀಚರಾದ ಮೇಲೆ. ಹಿಂದಿನ ಅಂಟುಗಳೆಲ್ಲ ನಮ್ಮ ಅಡುಗೆಮನೆಯ ನೆಂಟರೇ. ಗೋಧಿ ಹಿಟ್ಟಿನ ಗಂಜಿ, ಮರದ ಗೋಂದು, ಹಾಲಿನಿಂದ ತೆಗೆದ ಕೇಸೀನ್. ಪಿಷ್ಟವೂ ಗೋಂದೂ ನೀರು ಕುಡಿದು ಉಬ್ಬುತ್ತವೆ, ಹಿಡಿತ ಬಿಡುತ್ತವೆ. ಕೇಸೀನಿಗೆ ಕ್ಷಾರವೂ ಬೇಕು. ಬೂದಿಯಲ್ಲಿರುವುದು ಅದೇ ಕ್ಷಾರ. ಪಾನೀಯದ ಕಾರ್ಖಾನೆಗಳಲ್ಲಿ ಹಿಂದಿರುಗಿ ಬಂದ ಬಾಟಲಿಗಳನ್ನು ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆಯುತ್ತಾರೆ. ಅಮ್ಮನ ಹಂಡೆಗೂ ಆ ಯಂತ್ರಕ್ಕೂ ತತ್ತ್ವ ಒಂದೇ.

1935ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸ್ಟಾಂಟನ್ ಏವರಿ ಎಂಬಾತ ಹಿಂದಿನ ಕಾಗದ ಸುಲಿದು ಒತ್ತಿದರೆ ಅಂಟುವ ಚೀಟಿಯನ್ನು ತಯಾರಿಸಿ ಮಾರಲು ಆರಂಭಿಸಿದ. ನೀರು ಬೇಡ, ಗಂಜಿ ಬೇಡ. ನಮ್ಮ ಮನೆಯ ಕುಪ್ಪಿಗಳ ಮೇಲೆ ಅದು ಬಂದು ಕೂತದ್ದು ಬಹಳ ತಡವಾಗಿ. ಬಂದಾಗ ಅಮ್ಮನ ಬೂದಿನೀರು ಸೋತುಹೋಯಿತು. ರಬ್ಬರಿನ ಜಾತಿಯ ಅಂಟು ನೀರು ಕುಡಿಯುವುದಿಲ್ಲ, ಅದಕ್ಕೆ ಎಣ್ಣೆಯೇ ಬೇಕು. ನೀವೂ ಮಾಡಿ ನೋಡಿ. ಕುಪ್ಪಿಯೊಳಗೆ ಕೈ ತಾಳುವಷ್ಟು ಬಿಸಿಯ ನೀರು ತುಂಬಿ ಹತ್ತು ನಿಮಿಷ ಬಿಟ್ಟು, ಚೀಟಿಯ ಮೂಲೆಯಿಂದ ಮೆಲ್ಲಗೆ ಸುಲಿಯಿರಿ. ಕುದಿಯುವ ನೀರನ್ನು ತಣ್ಣಗಿನ ಗಾಜಿಗೆ ಹೊಯ್ಯಬೇಡಿ, ಸೀಳಿಬಿಡುತ್ತದೆ. ಉಳಿದ ಅಂಟಿಗೆ ತೆಂಗಿನೆಣ್ಣೆಯಲ್ಲಿ ಅಡುಗೆ ಸೋಡಾ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಬರುತ್ತದೆ. ಸೀಮೆಎಣ್ಣೆಯಿಂದಲೂ ಹೋಗುತ್ತದೆ, ಆದರೆ ತಿನ್ನುವ ವಸ್ತು ಹಾಕುವ ಕುಪ್ಪಿಗೆ ಅದು ಬೇಡ.

ಚೀಟಿಯೇ ಇಲ್ಲದ ಕುಪ್ಪಿಯೂ ಇತ್ತು. ಜಾತ್ರೆಯಲ್ಲಿ ಕುಡಿದ ಗೋಲಿ ಸೋಡಾ ನಿಮಗೂ ನೆನಪಿರಬಹುದು. ಕತ್ತಿನಲ್ಲಿ ಗೋಲಿ ಸಿಕ್ಕಿಸಿಕೊಂಡ ಆ ಬಾಟಲಿಯನ್ನು ಕಂಡುಹಿಡಿದವನು ಇಂಗ್ಲೆಂಡಿನ ಹೈರಮ್ ಕಾಡ್, 1872ರಲ್ಲಿ. ಒಳಗಿನ ಗಾಳಿಯ ಒತ್ತಡವೇ ಗೋಲಿಯನ್ನು ಮೇಲಕ್ಕೆ ತಳ್ಳಿ ಬಾಯಿ ಮುಚ್ಚುತ್ತದೆ. ಕಂಪೆನಿಯ ಹೆಸರು ಗಾಜಿನಲ್ಲೇ ಉಬ್ಬಿಕೊಂಡಿರುತ್ತಿತ್ತು. ಆ ಬಾಟಲಿ ಸಾವಿರ ಸಲ ತಿರುಗಿದರೂ ಹೆಸರು ಅಳಿಯುವುದಿಲ್ಲ.

ಅಜ್ಜಿಯ ಕಾಲದಲ್ಲಿ ಚೀಟಿ ಕೀಳುವುದಕ್ಕೆ ಬೇರೆಯೇ ಕಾರಣವಿತ್ತು. 1956ರವರೆಗೆ ನಮ್ಮ ಕಡೆ ಮದ್ರಾಸು ರಾಜ್ಯ, ಆಚೆ ಕೊಡಗು ರಾಜ್ಯ. ಸಂಪಾಜೆ ಎಂದರೆ ನಡುವಿನ ಹೊಸ್ತಿಲು. 1948ರ ಹೊತ್ತಿಗೆ ಮದ್ರಾಸು ಪ್ರಾಂತ್ಯಕ್ಕೆಲ್ಲ ಪಾನನಿರೋಧ ಬಂದಿತ್ತು. ಘಟ್ಟದ ಮೇಲಿನ ಕಾಫಿ ತೋಟಗಳಿಂದ ಕೆಲಸದವರು ತರುತ್ತಿದ್ದ ಖಾಲಿ ಬ್ರಾಂದಿ ಕುಪ್ಪಿಗಳು ಅಜ್ಜಿಗೆ ಬೇಕು, ದಪ್ಪ ಗಾಜು, ಬಿಗಿ ಬಿರಡೆ. ಆದರೆ ಚೀಟಿ ಬೇಡ. “ಒಳಗೆ ಜೇನಿದ್ದರೂ ನೋಡಿದವರ ಕಣ್ಣಿಗೆ ಬ್ರಾಂದಿಯೇ” ಎನ್ನುತ್ತಿದ್ದಳಂತೆ. ಚೀಟಿ ಕಿತ್ತ ಮೇಲೆ ಕುಪ್ಪಿಗೆ ಹಿಂದಿನ ಜನ್ಮ ಇಲ್ಲ.

ನಮ್ಮ ಮನೆಯಲ್ಲಿ ಮರದ ಪೆಟ್ಟಿಗೆಗಳಲ್ಲಿ ತುಡುವೆ ಜೇನು ಸಾಕುತ್ತಿದ್ದರು. ಜೇನು ತುಂಬುವ ಕುಪ್ಪಿಗೆ ಅಮ್ಮ ಮೂರು ಬಿಸಿಲು ಕಾಣಿಸುತ್ತಿದ್ದಳು. ಒಳಗೆ ನೀರಿನ ಪಸೆ ಉಳಿದರೆ ಜೇನು ಹುಳಿಯುತ್ತದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆಗಳನ್ನೆಲ್ಲ ಹೊಡೆಯಿತು. ಮರಿಹುಳುಗಳು ಕಣದೊಳಗೇ ಚೀಲದಂತಾಗಿ ಸಾಯುತ್ತಿದ್ದವು. ನಾನಾಗ ಬಿ.ಎಡ್. ಓದುತ್ತಿದ್ದೆ. ರಜೆಗೆ ಬಂದಾಗ ಪೆಟ್ಟಿಗೆಗಳೆಲ್ಲ ಬರಿದು, ತೊಳೆದಿಟ್ಟ ಕುಪ್ಪಿಗಳು ಮಾತ್ರ ಅಟ್ಟದಲ್ಲಿ ಸಾಲಾಗಿ ನಿಂತಿದ್ದವು.

ಇನ್ನು ನಾನು ಹೇಳಲೇಬೇಕಾದ ಮಾತು. 1981 ಇರಬೇಕು, ನಾನು ಆರನೆಯ ತರಗತಿ. ಅಪ್ಪ ಯಾರದೋ ತೋಟದಿಂದ ಒಂದು ಕಂದು ಬಣ್ಣದ ಕುಪ್ಪಿ ತಂದು ಹಿತ್ತಿಲ ಜಗಲಿಯಲ್ಲಿ ಇಟ್ಟಿದ್ದರು. ಅಮ್ಮನನ್ನು ಮೆಚ್ಚಿಸಬೇಕೆಂದು ನಾನೊಬ್ಬಳೇ ಬಿಸಿನೀರು ಹಾಕಿ, ಚೀಟಿ ಕಿತ್ತು, ಕುಲುಕಿ, ಬಿಸಿಲಿಗಿಟ್ಟು, ಒಣಗಿದ ಮೇಲೆ ಎಣ್ಣೆ ಕುಪ್ಪಿಗಳ ಸಾಲಿನಲ್ಲಿ ನಿಲ್ಲಿಸಿದೆ. ಗಾಣದಿಂದ ತೆಂಗಿನೆಣ್ಣೆ ಬಂದ ದಿನ ಅಮ್ಮ ಅದನ್ನು ಕೈಗೆತ್ತಿಕೊಂಡು, ಬಾಯಿಗೆ ಮೂಗು ಹಿಡಿದು, ಹಾಗೆಯೇ ಕೆಳಗಿಟ್ಟಳು.

“ಇದರ ಚೀಟಿಯಲ್ಲಿ ಏನು ಬರೆದಿತ್ತು?”

ನನಗೆ ಗೊತ್ತಿರಲಿಲ್ಲ. ಕೆಂಪು ಬಣ್ಣದ್ದೇನೋ ಚಿತ್ರ ಇತ್ತು ಎಂದೆ. ಅಪ್ಪನನ್ನು ಕೇಳಿದಾಗ ಗೊತ್ತಾಯಿತು, ಅದು ಕೀಟನಾಶಕದ ಕುಪ್ಪಿ. ಅಮ್ಮ ಹೊಡೆಯಲಿಲ್ಲ, ಬೈಯಲೂ ಇಲ್ಲ. ಕುಪ್ಪಿಯನ್ನು ಗೋಣಿಯಲ್ಲಿ ಸುತ್ತಿ ಕಲ್ಲಿನಿಂದ ಕುಟ್ಟಿ, ಗುಡ್ಡೆಯ ಬದಿಯಲ್ಲಿ ಹೊಂಡ ತೆಗೆದು ಹೂತಳು. ಕೈ ತೊಳೆದು ಬಂದು ಇಷ್ಟೇ ಹೇಳಿದಳು: “ನನಗೆ ಓದಲು ಬರುವುದಿಲ್ಲ. ಈ ಮನೆಯಲ್ಲಿ ಓದುವವಳು ನೀನು. ನೀನೇ ಓದದೆ ಕಿತ್ತರೆ ಹೇಗೆ?”

ಶಾಲೆಯಲ್ಲಿ ಪ್ರತಿ ಪರೀಕ್ಷೆಗೂ ಒಳ್ಳೆಯ ಅಂಕ ತೆಗೆಯುತ್ತಿದ್ದ ನನಗೆ ಆ ಮಾತು ಇಂದಿಗೂ ಚುಚ್ಚುತ್ತದೆ.

ನಾನು ಕಂಡ ಕೆಂಪು ಚಿತ್ರ ಯಾವುದೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. 1968ರ ಕೀಟನಾಶಕ ಕಾಯಿದೆಗೆ 1971ರಲ್ಲಿ ಬಂದ ನಿಯಮಗಳ ಪ್ರಕಾರ ಪ್ರತಿ ಕುಪ್ಪಿಯ ಮೇಲೂ ವಜ್ರಾಕಾರದ ಗುರುತು ಇರಬೇಕು. ಅದರ ಕೆಳಗಿನ ಅರ್ಧ ಕೆಂಪಾದರೆ ಅತಿ ಘೋರ ವಿಷ, ಹಳದಿಯಾದರೆ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಓದು ಬಾರದವರಿಗೆ ಬಣ್ಣವಾದರೂ ಹೇಳಲಿ ಎಂಬ ಉದ್ದೇಶ. ಖಾಲಿಯಾದದ್ದನ್ನು ಮತ್ತೆ ಬಳಸದಂತೆ ಒಡೆದು, ವಾಸದ ಜಾಗದಿಂದ ದೂರ ಹೂಳಬೇಕೆಂದೂ ಅದೇ ನಿಯಮ ಹೇಳಿತ್ತು. ಅಕ್ಷರ ಬಾರದ ಅಮ್ಮ ಅದನ್ನು ಅಕ್ಷರಶಃ ಪಾಲಿಸಿದ್ದಳು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಷದ ಬಾಟಲಿಗಳನ್ನು ಕಡು ನೀಲಿ ಗಾಜಿನಲ್ಲಿ, ಮೈಮೇಲೆ ಗೀರು ಗೀರಾಗಿ ಮಾಡುತ್ತಿದ್ದರು. ರಾತ್ರಿ ಕತ್ತಲೆಯಲ್ಲಿ ಮದ್ದೆಂದು ಕೈ ಹಾಕಿದರೆ ಬೆರಳಿಗೇ ತಿಳಿಯಲಿ ಎಂದು. ಚೀಟಿ ಉದುರಿದರೂ ಉಳಿಯುವ ಎಚ್ಚರಿಕೆ ಅದು.

2003ರಲ್ಲಿ ಅಕ್ಷರ ದಾಸೋಹ ನಮ್ಮ ಕಡೆಯ ಶಾಲೆಗಳಿಗೂ ಬಂತು. ಅಡುಗೆಮನೆಯ ಮೇಲ್ವಿಚಾರಣೆಯೂ ಟೀಚರುಗಳ ಪಾಲಿನ ಕೆಲಸವಾಯಿತು. ಹತ್ತು ವರ್ಷದ ಬಳಿಕ, 2013ರ ಜುಲೈ 16ರಂದು, ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ತೀರಿಕೊಂಡರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇತ್ತೆಂದು ಪರೀಕ್ಷೆಯಲ್ಲಿ ಕಂಡುಬಂತು. ಕೀಟನಾಶಕದ ಹಳೆಯ ಡಬ್ಬಿಯಲ್ಲಿ ಎಣ್ಣೆ ಇಟ್ಟಿದ್ದಿರಬೇಕೆಂದು ಪತ್ರಿಕೆಗಳು ಬರೆದವು. ಪತ್ರಿಕೆ ಓದಿದ ಆ ಬೆಳಿಗ್ಗೆ ನನ್ನ ಕೈಕಾಲು ತಣ್ಣಗಾದವು. ನಮ್ಮ ಮನೆಯ ಸಾಲಿನಲ್ಲಿ ನಿಂತಿದ್ದ ಆ ಕಂದು ಕುಪ್ಪಿ, ಅಂದು ಅಮ್ಮನ ಮೂಗಿಗೆ ಶೀತವಾಗಿದ್ದರೆ? ಆ ದಿನವೇ ಶಾಲೆಯ ಅಡುಗೆಮನೆಗೆ ಹೋಗಿ ಡಬ್ಬಿ, ಕುಪ್ಪಿ, ಕ್ಯಾನುಗಳನ್ನೆಲ್ಲ ಹೊರಗಿಡಿಸಿದೆ. ಹಿಂದೆ ಏನಿತ್ತೆಂದು ಯಾರಿಗೂ ಹೇಳಲಾಗದ ಎರಡು ಕ್ಯಾನುಗಳಿದ್ದವು. ಅವು ಮತ್ತೆ ಒಳಗೆ ಹೋಗಲಿಲ್ಲ. ಅಡುಗೆಯವರು ಸ್ವಲ್ಪ ಮುನಿಸಿಕೊಂಡರು, ಇರಲಿ.

ಈಗ ಪ್ಲಾಸ್ಟಿಕ್ ಸಾಕೆಂದು ಪೇಟೆಯ ಹೆಣ್ಣುಮಕ್ಕಳು ಮತ್ತೆ ಗಾಜಿನ ಕುಪ್ಪಿ ಕೂಡಿಡುತ್ತಿದ್ದಾರೆ. ಜಾಮಿನದು, ಕಾಫಿಪುಡಿಯದು, ಜೇನಿನದು. ನನಗೆ ಸಂತೋಷವೇ. ಅಂಟು ತೆಗೆಯುವುದು ಹೇಗೆಂದು ಕೇಳಿದವರಿಗೆಲ್ಲ ಬೂದಿ, ಎಣ್ಣೆ, ಸೋಡಾದ ಪಾಠ ಹೇಳುತ್ತೇನೆ. ಜೊತೆಗೆ ಇನ್ನೊಂದು. ಕೀಳುವ ಮೊದಲು ಚೀಟಿ ಓದಿ. ಕಿತ್ತ ಮೇಲೆ ಹೊಸದಾಗಿ ತುಂಬಿದ್ದರ ಹೆಸರನ್ನೂ ತಾರೀಕನ್ನೂ ಬರೆದು ಅಂಟಿಸಿ. ಮದ್ದಿನ, ವಿಷದ ಕುಪ್ಪಿಯಾದರೆ ಎಷ್ಟು ಚಂದವಿದ್ದರೂ ಆಸೆ ಬಿಡಿ.

ಅಮ್ಮ ಇಲ್ಲ. ಅವಳ ಎರಡು ಜೇನಿನ ಕುಪ್ಪಿಗಳು ನನ್ನ ಅಡುಗೆಮನೆಯಲ್ಲಿವೆ. ಒಂದರಲ್ಲಿ ಕೊಬ್ಬರಿ ಎಣ್ಣೆ, ಇನ್ನೊಂದರಲ್ಲಿ ಪುನರ್ಪುಳಿ ಸಾರ. ಎರಡಕ್ಕೂ ದಪ್ಪ ಅಕ್ಷರದಲ್ಲಿ ಚೀಟಿ ಬರೆದಿದ್ದೇನೆ, ಮೈದಾ ಗಂಜಿಯಿಂದಲೇ ಅಂಟಿಸಿದ್ದೇನೆ. ಮುಂದೆ ಯಾರಾದರೂ ಕೀಳುವುದಿದ್ದರೆ ಕಷ್ಟವಾಗಬಾರದು.