ಗುಜರಿ ರಾಶಿಯಲ್ಲಿದ್ದ ಎಂ 86

ಐಮಂಗಲದ ಹೆದ್ದಾರಿ ಬದಿಯ ಗುಜರಿ ಅಂಗಡಿಯಲ್ಲಿ ಒಮ್ಮೆ ದಪ್ಪ ಉಕ್ಕಿನ ತುಂಡೊಂದು ಕಣ್ಣಿಗೆ ಬಿತ್ತು. “ಲಾರಿ ಸಾಮಾನು ಸಾರ್, ಬೆಂಗಳೂರಿನ ಹಳೇ ಗ್ಯಾರೇಜಿನ ಲಾಟಿನಲ್ಲಿ ಬಂತು” ಎಂದ ಹುಡುಗ. ಗ್ರೀಸು ಒರೆಸಿದೆ. ‘ಚರ್ಚಿಲ್’ ಎಂಬ ಹೆಸರು, ಪಕ್ಕದಲ್ಲಿ ‘ಎಂ 86’ ಎಂಬ ಅಚ್ಚು.

ಈ ಚರ್ಚಿಲ್ ಇಂಗ್ಲೆಂಡಿನ ಪ್ರಧಾನಿಯಲ್ಲ. ಸ್ಟ್ಯಾಂಡರ್ಡ್-ಟ್ರಯಂಫ್ ಕಾರುಗಳ ರಿಪೇರಿಗೆ ವಿಶೇಷ ಸಾಧನಗಳನ್ನು ಮಾಡುತ್ತಿದ್ದ ವಿ.ಎಲ್. ಚರ್ಚಿಲ್ ಕಂಪನಿ. ಕಾರಿನ ರಿಪೇರಿ ಪುಸ್ತಕದಲ್ಲಿ ಸಾಧನಕ್ಕೆ ಹೆಸರಿಗಿಂತ ನಂಬರೇ ಮುಖ್ಯ. ಎಂ 86 ಎಂದರೆ ಹೆರಾಲ್ಡ್ ಕಾರಿನ ಹಿಂದಿನ ಹಬ್ ಎಳೆಯುವ ಪುಲ್ಲರ್.

ಟ್ರಯಂಫ್ ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನಲ್ಲಿ ಬಂತು. 1961ರಿಂದ ಮದರಾಸಿನ ಕಾರ್ಖಾನೆ ಅದನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ಮಾಡತೊಡಗಿತು. 1962ರ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಇದೇ ಹೆರಾಲ್ಡಿನ ಮೂಳೆಯ ಮೇಲೆ ಎದ್ದದ್ದು. ಆದ್ದರಿಂದ ಎರಡಕ್ಕೂ ಒಂದೇ ಪುಲ್ಲರ್. ಇಂದು ಹಳೆಯ ಸ್ಪಿಟ್‌ಫೈರ್ ಇಟ್ಟುಕೊಂಡವರು ಇದನ್ನು ಹುಡುಕಿಕೊಂಡು ಅಲೆಯುತ್ತಾರೆ.

ಏಕೆಂದರೆ ಆ ಹಬ್ ಮೊನೆಗೆ ಸಣ್ಣಗಾಗುತ್ತ ಹೋಗುವ ಆಕ್ಸಲ್ ತುದಿಯಲ್ಲಿ, ಕೀ ಹಾಕಿ, ನಟ್ಟಿನಿಂದ ಬಿಗಿದು ಕೂತಿರುತ್ತದೆ. ವರ್ಷಗಳು ಕಳೆದರೆ ಎರಡೂ ಒಂದೇ ಕಬ್ಬಿಣ. ಪುಲ್ಲರನ್ನು ಚಕ್ರದ ನಾಲ್ಕು ಸ್ಟಡ್ಡುಗಳಿಗೆ ಹಿಡಿದು ನಡುವಿನ ಸ್ಕ್ರೂ ತಿರುಗಿಸಿದರೆ ಹಬ್ ನೇರವಾಗಿ ಹೊರಬರುತ್ತದೆ. ಸುತ್ತಿಗೆಯಲ್ಲಿ ಹೊಡೆದರೆ ಆಕ್ಸಲ್ ತುದಿಯ ಥ್ರೆಡ್ ಹಾಳು, ಬೇರಿಂಗಿಗೂ ಪೆಟ್ಟು.

ನನ್ನ ಚಾಚಾ ಸುತ್ತಿಗೆಯಲ್ಲೇ ಹೊಡೆದಿದ್ದರು. ನಾನಾಗ ಪ್ರೈಮರಿ ಶಾಲೆಯ ಹುಡುಗ. ಆ ಕಾರಿನವರು ಆಕ್ಸಲಿನ ದುಡ್ಡು ವಸೂಲು ಮಾಡಿದರು, ಆ ಸಲ ನಮ್ಮ ಮನೆಯಲ್ಲಿ ಈದ್‌ಗೆ ಹೊಸ ಬಟ್ಟೆ ಬರಲಿಲ್ಲ. ‘ಕೆಲಸ ಗೊತ್ತಿಲ್ಲದ ಮೇಸ್ತ್ರಿ’ ಎಂಬ ಮಾತು ಮಾತ್ರ ವರ್ಷಗಟ್ಟಲೆ ಉಳಿಯಿತು. ಇಂಥ ಸಾಧನಗಳು ತಯಾರಾದದ್ದು ಕಂಪನಿಯ ಡೀಲರುಗಳ ವರ್ಕ್‌ಶಾಪಿಗೆ. ರಸ್ತೆ ಬದಿಯ ಉಸ್ತಾದನ ಕೈಗೆ ಆ ಪುಸ್ತಕವೂ ಬರಲಿಲ್ಲ, ಪುಲ್ಲರೂ ಬರಲಿಲ್ಲ. ಕಾರು ಮಾತ್ರ ಬಂತು. ಕೆಲಸ ಗೊತ್ತಿಲ್ಲವೆಂದು ಅವನನ್ನು ಹಳಿಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗುಜರಿಯಲ್ಲಿ ಇಂಥದ್ದು ಸಿಕ್ಕರೆ ಮೊದಲು ನಂಬರು ನೋಡಬೇಕು. ಕೊನೆಯಲ್ಲಿ ಎ, ಸಿ ಎಂಬ ಅಕ್ಷರಗಳೂ ಇರಬಹುದು. ನಂಬರು ಸವೆದಿದ್ದರೆ ಎದುರುಬದುರಿನ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆಯಿರಿ: ಮೂರೂ ಮುಕ್ಕಾಲು ಇಂಚು, ಅಂದರೆ 95.25 ಮಿಲಿಮೀಟರು ಇರಬೇಕು. ನಮ್ಮ ಲೇತಿನವರು ಇದರ ನಕಲನ್ನು ಚೆನ್ನಾಗಿಯೇ ಮಾಡಿಯಾರು, ಆದರೆ ಸ್ಕ್ರೂ ಮೆತ್ತನೆಯದಾದರೆ ಹಬ್ ಬರುವ ಮೊದಲು ಅದೇ ಹೋಗುತ್ತದೆ.

ಕಬ್ಬಿಣದ ದರಕ್ಕೆ ಕೊಂಡು ಚಾಚಾರ ಮುಂದಿಟ್ಟೆ. ಅವರಿಗೀಗ ಕಣ್ಣು ಮಂಜು. ನಾಲ್ಕು ತೂತುಗಳಲ್ಲೂ ಬೆರಳಾಡಿಸಿ, ಸ್ಕ್ರೂ ಒಂದು ಸುತ್ತು ತಿರುಗಿಸಿ, “ಇಷ್ಟೇನಾ ಬೇಟಾ ಇದು?” ಎಂದರು.