ಎಲ್ಲವನ್ನೂ ಕೇಳಿಸಿಕೊಳ್ಳದ ಮೈಕು

ನಮ್ಮ ಕಡೆ ಯಾವುದೇ ಕಾರ್ಯಕ್ರಮ ಹೇಗೆ ಶುರುವಾಗುತ್ತೆ ಹೇಳಿ? ದೀಪ ಬೆಳಗೋದು ಆಮೇಲೆ, ಪ್ರಾರ್ಥನೆ ಆಮೇಲೆ. ಮೊದಲು ಒಬ್ಬ ವೇದಿಕೆ ಹತ್ತಿ ಮೈಕಿನ ತಲೆಗೆ ಎರಡು ಸಲ ಕುಟ್ಟುತ್ತಾನೆ. "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಅಂತಾನೆ. ಮರುಕ್ಷಣವೇ ಕುಂಯ್ ಅಂತ ಕಿವಿ ಕೊರೆಯುವ ಶಬ್ದ. ಮುಂದಿನ ಸಾಲಿನ ಅಜ್ಜ ಕಿವಿ ಮುಚ್ಚಿಕೊಳ್ಳುತ್ತಾರೆ. ಅಮ್ಮನ ತೊಡೆ ಮೇಲಿದ್ದ ಮಗು ಬೆಚ್ಚಿ ಅಳುತ್ತೆ. ಮೈಕ್ ಸೆಟ್ಟಿನ ಹುಡುಗ ಓಡಿ ಬಂದು ಆಂಪ್ಲಿಫಯರಿನ ಗುಂಡಿ ತಿರುಗಿಸುತ್ತಾನೆ. ಮೈಕಾಸುರ ಅಂತ ನಾವು ತಮಾಷೆಗೆ ಕರೆಯೋದು ಇವನನ್ನೇ.

ಈ ಕಿರುಚಾಟಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ವೇದಿಕೆ ಮೇಲೆ ಹಾಡುವವರು ಎಂಥ ಮೈಕ್ ತಗೋಬೇಕು ಅಂತ ಬಹಳ ಜನ ನನ್ನನ್ನು ಕೇಳ್ತಾರೆ. ಟಿವಿಯಲ್ಲಿ ಕೂತು ಮಾತಾಡುವವನಿಗೆ ಇದೆಲ್ಲ ಗೊತ್ತಿರುತ್ತೆ ಅನ್ನೋ ನಂಬಿಕೆ. ಬೆಲೆಪಟ್ಟಿ ನೋಡಿದರೆ ಉತ್ತರ ಸಿಗೋದಿಲ್ಲ. ಇತಿಹಾಸ ನೋಡಿದರೆ ಸಿಗುತ್ತೆ. ಬನ್ನಿ, ನೋಡೋಣ.

1915. ಅಮೆರಿಕದ ಕ್ಯಾಲಿಫೋರ್ನಿಯಾದ ನಾಪಾ ಅನ್ನೋ ಊರಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬ ಇಬ್ಬರು ಧ್ವನಿವರ್ಧಕ ತಯಾರಿಸಿದರು. ಮ್ಯಾಗ್ನವಾಕ್ಸ್ ಅಂತ ಹೆಸರಿಟ್ಟರು. ಪ್ರಯೋಗ ಮಾಡುವಾಗ ಮೈಕನ್ನೂ ಕೊಂಬಿನಂಥ ಸ್ಪೀಕರನ್ನೂ ಹತ್ತಿರ ಹತ್ತಿರ ಇಟ್ಟರೆ ಯಂತ್ರ ಕಿರುಚತೊಡಗುತ್ತಿತ್ತು. ಕಾರಣ ಸರಳ. ಸ್ಪೀಕರಿನಿಂದ ಹೊರಟ ಶಬ್ದ ಮತ್ತೆ ಮೈಕಿನೊಳಗೆ ಹೋಗುತ್ತೆ, ದೊಡ್ಡದಾಗಿ ಸ್ಪೀಕರಿಗೆ ಬರುತ್ತೆ, ಮತ್ತೆ ಮೈಕಿಗೆ ಹೋಗುತ್ತೆ. ಸುತ್ತಿ ಸುತ್ತಿ ಬೆಳೆಯುತ್ತೆ. ಸೌಂಡ್ ಎಂಜಿನಿಯರುಗಳು ಇದನ್ನು ಫೀಡ್‌ಬ್ಯಾಕ್ ಅಂತಾರೆ.

ಆದರೂ ಅದೇ ವರ್ಷ ಡಿಸೆಂಬರ್ 24ರಂದು ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಹಾಲ್ ಮುಂದೆ ಭಾರಿ ಜನಸ್ತೋಮಕ್ಕೆ ಆ ಯಂತ್ರದ ಮೂಲಕ ಸಂಗೀತ ಕೇಳಿಸಿದರು. 1919ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದಲ್ಲಿ ಸುಮಾರು 50 ಸಾವಿರ ಜನರಿಗೆ ಭಾಷಣ ಮಾಡಿದರು. ಹೇಗೆ ಗೊತ್ತಾ? ಗಾಜಿನ ಗೂಡಿನಂಥ ಒಂದು ಕೋಣೆಯೊಳಗೆ ನಿಂತು! ಒಂದು ದೇಶದ ಅಧ್ಯಕ್ಷ ತನ್ನ ಜನರ ಜೊತೆ ಮಾತಾಡಬೇಕಾದರೆ ಗಾಜಿನ ಹಿಂದೆ ನಿಲ್ಲಬೇಕಾದ ಕಾಲ ಅದು.

ಆಗಿನ ಮೈಕುಗಳು ಟೆಲಿಫೋನಿನ ಸಂತಾನ. ಒಳಗೆ ಇಂಗಾಲದ ಹರಳು. ಮಾತಿನ ಜೊತೆ ಚರಚರ ಸದ್ದೂ ಬರ್ತಿತ್ತು. 1916ರಲ್ಲಿ ಇ.ಸಿ. ವೆಂಟೆ ಅನ್ನೋ ಎಂಜಿನಿಯರ್ ಕಂಡೆನ್ಸರ್ ಮೈಕ್ ಮಾಡಿದರು. ಧ್ವನಿ ಬಹಳ ಸ್ವಚ್ಛ, ಆದರೆ ನಾಜೂಕು ವಸ್ತು. ಅದಕ್ಕೆ ಹೊರಗಿನಿಂದ ವಿದ್ಯುತ್ ಕೊಡಬೇಕು, ತೇವ ಆಗಿಬರೋದಿಲ್ಲ. ಆಮೇಲೆ ರಿಬ್ಬನ್ ಮೈಕ್ ಬಂತು. ತೆಳು ಅಲ್ಯೂಮಿನಿಯಂ ಪಟ್ಟಿ, ಇಂಪಾದ ಧ್ವನಿ, ಆದರೆ ಜೋರಾಗಿ ಊದಿದರೆ ಪಟ್ಟಿ ಹಾಳು.

1931ರಲ್ಲಿ ಅದೇ ವೆಂಟೆ ಮತ್ತು ಎ.ಸಿ. ಥುರಾಸ್, ಬೆಲ್ ಪ್ರಯೋಗಾಲಯದಲ್ಲಿ ಡೈನಾಮಿಕ್ ಮೈಕನ್ನು ಬಳಕೆಗೆ ಯೋಗ್ಯವಾಗಿಸಿದರು. ಇದು ಕೆಲಸ ಮಾಡೋ ರೀತಿ ತಿಳಿಯಬೇಕಾದರೆ ಹಳೇ ಸೈಕಲ್ಲಿನ ಡೈನಮೋ ನೆನಪು ಮಾಡಿಕೊಳ್ಳಿ. ಬ್ಯಾಟರಿ ಬೇಡ, ಚಕ್ರ ತಿರುಗಿದರೆ ದೀಪ ಉರಿಯುತ್ತೆ. ಅಯಸ್ಕಾಂತದ ಬಳಿ ತಂತಿಯ ಸುರುಳಿ ಅಲುಗಾಡಿದರೆ ವಿದ್ಯುತ್ ಹುಟ್ಟುತ್ತೆ ಅಂತ 1831ರಲ್ಲೇ ಮೈಕೆಲ್ ಫ್ಯಾರಡೆ ತೋರಿಸಿದ್ದರು. ಡೈನಾಮಿಕ್ ಮೈಕಿನಲ್ಲಿ ಚಕ್ರದ ಬದಲು ತೆಳುವಾದ ಒಂದು ಪೊರೆ. ಅದಕ್ಕೆ ಅಂಟಿದ ತಂತಿ ಸುರುಳಿ. ನಿಮ್ಮ ಉಸಿರು, ನಿಮ್ಮ ಸ್ವರ ಆ ಪೊರೆಯನ್ನು ಅಲುಗಿಸುತ್ತೆ. ಅಷ್ಟರಿಂದಲೇ ವಿದ್ಯುತ್ತು ಹುಟ್ಟಿ ತಂತಿಯಲ್ಲಿ ಹರಿಯುತ್ತೆ. ಗಾಯಕಿಯ ಗಂಟಲೇ ಅಲ್ಲಿ ಪವರ್ ಹೌಸು.

ಗಟ್ಟಿಮುಟ್ಟಾದ ಮೈಕೇನೋ ಸಿಕ್ಕಿತು. ಕಿರುಚಾಟ ಮಾತ್ರ ಹೋಗಲಿಲ್ಲ. ಯಾಕಂದ್ರೆ ಈ ಮೈಕಿಗೆ ಮುಂದೆ ಹಿಂದೆ ಅನ್ನೋ ಭೇದ ಇರಲಿಲ್ಲ. ಹಾಡುವವಳ ಸ್ವರ, ಹಿಂದಿನ ಡ್ರಮ್ಮು, ಪಕ್ಕದ ಸ್ಪೀಕರು, ಎಲ್ಲವೂ ಅದಕ್ಕೆ ಒಂದೇ. ಒಂದು ದಿಕ್ಕಿನಿಂದ ಮಾತ್ರ ಕೇಳಿಸಿಕೊಳ್ಳುವ ಮೈಕ್ ಮಾಡಬೇಕಾದರೆ ಎರಡು ಬೇರೆ ಬೇರೆ ಮೈಕುಗಳನ್ನು ಒಂದೇ ಡಬ್ಬಿಯೊಳಗೆ ಕೂರಿಸಬೇಕಿತ್ತು. ತೂಕ ಹೆಚ್ಚು, ಬೆಲೆಯೂ ಹೆಚ್ಚು.

ಇಲ್ಲಿ ಶಿಕಾಗೋ ನಗರ ಕಥೆಯೊಳಗೆ ಬರುತ್ತೆ. 1925ರಲ್ಲಿ ಸಿಡ್ನಿ ಶ್ಯೂರ್ ಎಂಬಾತ ರೇಡಿಯೋ ಬಿಡಿಭಾಗ ಮಾರೋಕೆ ಅಲ್ಲಿ ಕಂಪನಿ ತೆರೆದರು. ಮಾಲೀಕನೂ ಅವರೇ, ಕೆಲಸಗಾರನೂ ಅವರೇ. ಮುಂದೆ ಆ ಕಂಪನಿ ಮೈಕಿನ ಕಡೆ ಹೊರಳಿತು. ಅಲ್ಲಿದ್ದ ಬೆಂಜಮಿನ್ ಬಾವರ್ ಎಂಬ ಯುವ ಎಂಜಿನಿಯರ್ 1939ರ ಹೊತ್ತಿಗೆ ಒಂದು ಉಪಾಯ ಹುಡುಕಿದರು. ಮೈಕಿನ ಹಿಂಭಾಗದಲ್ಲೂ ಕಿಂಡಿ ಬಿಟ್ಟರು. ಹಿಂದಿನಿಂದ ಬರುವ ಶಬ್ದ ಆ ಕಿಂಡಿಯೊಳಗೆ ನುಗ್ಗುತ್ತೆ, ಒಳಗಿನ ದಾರಿಯಲ್ಲಿ ಸ್ವಲ್ಪ ತಡವಾಗುತ್ತೆ. ಅಷ್ಟರಲ್ಲಿ ಅದೇ ಶಬ್ದ ಹೊರಗಿಂದ ಸುತ್ತಿಕೊಂಡು ಪೊರೆಯ ಮುಂಭಾಗಕ್ಕೂ ಬಂದಿರುತ್ತೆ. ಎರಡೂ ಕಡೆಯಿಂದ ಒಂದೇ ಹೊತ್ತಿಗೆ ಸಮನಾಗಿ ತಳ್ಳಿದರೆ ಪೊರೆ ಅಲುಗುತ್ತಾ? ಅಲುಗಲ್ಲ. ಹಿಂದಿನ ಶಬ್ದ ತನ್ನನ್ನು ತಾನೇ ಅಳಿಸಿಕೊಳ್ಳುತ್ತೆ. ಮುಂದಿನಿಂದ ಬಂದ ಸ್ವರ ಮಾತ್ರ ಉಳಿಯುತ್ತೆ.

ಆ ಮೈಕಿನ ಹೆಸರು ಯುನಿಡೈನ್ 55. ಕಾರಿನ ಮುಂಭಾಗದ ಜಾಲರಿಯಂತೆ ಹೊಳೆಯುವ ಆ ಮೈಕನ್ನು ನೀವು ಎಲ್ವಿಸ್ ಪ್ರೀಸ್ಲಿಯ ಹಳೇ ಫೋಟೋಗಳಲ್ಲಿ ನೋಡಿರ್ತೀರಿ. ಅದು ಕೇಳಿಸಿಕೊಳ್ಳುವ ವ್ಯಾಪ್ತಿಯನ್ನು ಕಾಗದದ ಮೇಲೆ ಬರೆದರೆ ಹೃದಯದ ಆಕಾರ ಬರುತ್ತೆ. ಅದಕ್ಕೇ ಕಾರ್ಡಿಯಾಯ್ಡ್ ಅಂತ ಕರೆದರು. ವಿಲ್ಸನ್ ಸುತ್ತ ಇದ್ದಂಥ ಗಾಜಿನ ಗೋಡೆ ಈಗ ಕಣ್ಣಿಗೆ ಕಾಣದ ಹಾಗೆ ಮೈಕಿನೊಳಗೇ ಬಂದಿತ್ತು.

1959ರಲ್ಲಿ ಅದೇ ಕಂಪನಿಯ ಅರ್ನಿ ಸೀಲರ್, ಯುನಿಡೈನ್ 3 ರೂಪಿಸಿದರು. ಅಲ್ಲಿಯವರೆಗೆ ಮೈಕಿನ ಪಕ್ಕೆಗೆ ಮುಖ ಮಾಡಿ ಹಾಡಬೇಕಿತ್ತು. ಇದರಲ್ಲಿ ತುದಿಗೇ ಹಾಡಬಹುದಿತ್ತು. ಟಾರ್ಚ್ ಹಿಡಿದಂತೆ ಕೈಲಿ ಹಿಡಿದು ವೇದಿಕೆ ತುಂಬ ಓಡಾಡಬಹುದಾಯಿತು. ಇದೇ ಬುನಾದಿ ಮೇಲೆ 1965ರಲ್ಲಿ ಎಸ್‌ಎಂ57, 1966ರಲ್ಲಿ ಎಸ್‌ಎಂ58 ಬಂದವು. ಗುಂಡು ಜಾಲರಿಯ ತಲೆ, ಕಡುಬೂದು ಮೈ. ಹೆಸರು ಗೊತ್ತಿಲ್ಲದವರೂ ಈ ಮೈಕನ್ನು ನೋಡದೆ ಇರೋದು ಕಷ್ಟ. ಮಕ್ಕಳಿಗೆ ಮೈಕ್ ಬರೆಯಿರಿ ಅಂದರೆ ಹೆಚ್ಚುಕಮ್ಮಿ ಇದನ್ನೇ ಬರೀತಾರೆ.

ಈಗ ತಮಾಷೆ ಕೇಳಿ. ಎಸ್‌ಎಂ ಅಂದ್ರೆ ಸ್ಟುಡಿಯೋ ಮೈಕ್ರೋಫೋನ್. ಅದು ಹುಟ್ಟಿದ್ದು ವೇದಿಕೆಗಲ್ಲ, ನಮ್ಮಂಥವರ ಟಿವಿ ಮತ್ತು ರೇಡಿಯೋ ಸ್ಟುಡಿಯೋಗೆ! ಸ್ಟುಡಿಯೋ ದೀಪದ ಬೆಳಕಿಗೆ ಮಿಂಚಬಾರದು ಅಂತ ಆ ಮಂಕು ಬಣ್ಣ. ಮಾತಿನ ಮಧ್ಯೆ ಕೈತಪ್ಪಿ ಆಫ್ ಆಗಬಾರದು ಅಂತ ಸ್ವಿಚ್ಚೇ ಇಲ್ಲ. ಸ್ಟುಡಿಯೋದವರು ಅಷ್ಟಾಗಿ ಕೊಳ್ಳಲಿಲ್ಲ. 1970ರ ಸುಮಾರಿಗೆ ತಯಾರಿಕೆ ನಿಲ್ಲಿಸೋ ಮಾತೂ ಬಂತು. ಕೊನೇ ಪ್ರಯತ್ನವಾಗಿ ಲಾಸ್ ವೇಗಾಸ್‌ನ ಸೌಂಡ್ ಎಂಜಿನಿಯರುಗಳಿಗೆ ತೋರಿಸಿದರು. ರಾತ್ರಿಯೆಲ್ಲ ಹಾಡು ಕುಣಿತ ನಡೆಯುವ ಊರು ಅದು. ಅಲ್ಲಿ ಅದು ಗೆದ್ದಿತು.

ಅದಕ್ಕೂ ಮುಂಚೆ, 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಸಂಗೀತ ಉತ್ಸವ ನಡೆದಾಗ ವೇದಿಕೆ ಮೇಲಿದ್ದದ್ದು ಇದೇ ಮನೆತನದ ಯುನಿಸ್ಫಿಯರ್ ಮೈಕು. ದಿ ಹೂ ತಂಡದ ರೋಜರ್ ಡಾಲ್ಟ್ರಿ ಅಂತೂ ಹಾಡುತ್ತಲೇ ಮೈಕನ್ನು ವೈರಿನ ಸಮೇತ ಕವಣೆಯಂತೆ ಗಿರಗಿರ ತಿರುಗಿಸುತ್ತಿದ್ದರು. ಇಷ್ಟೆಲ್ಲ ರಾಕ್ ಗಾಯಕರ ಕೈಗೆ ಮೈಕ್ ಕೊಟ್ಟ ಸೀಲರ್ ಇದ್ದಾರಲ್ಲ, ಅವರಿಗೆ ಇಷ್ಟವಾಗಿದ್ದದ್ದು ಶಾಸ್ತ್ರೀಯ ಸಂಗೀತ. ರಾಕ್ ಅವರಿಗೆ ಹಿಡಿಸುತ್ತಿರಲಿಲ್ಲವಂತೆ!

ಇದರಿಂದ ನಮಗೇನು ಅಂತೀರಾ? ಇದೆ.

ಮೈಕ್ ಇಲ್ಲದ ಕಾಲದಲ್ಲಿ ನಮ್ಮ ಕಂಪನಿ ನಾಟಕದ ನಟರು ಕಟ್ಟಕಡೆಯ ಸಾಲಿನ ನಾಲ್ಕಾಣೆ ಪ್ರೇಕ್ಷಕನಿಗೂ ಕೇಳುವಂತೆ ಕಂದ ಹಾಡಬೇಕಿತ್ತು. ಯಕ್ಷಗಾನದ ಭಾಗವತರು ಚೆಂಡೆಯ ಅಬ್ಬರದ ಮೇಲೆ ಬೆಳಗಿನವರೆಗೆ ಪದ ಹೇಳಬೇಕಿತ್ತು. ಆ ಗಂಟಲುಗಳಿಗೆ ನಮಸ್ಕಾರ. ಆದರೆ ಈಗ ಮೈಕ್ ಇದ್ದೂ ನಮ್ಮ ಹುಡುಗ ಹುಡುಗಿಯರು ಅದೇ ಥರ ಕಿರುಚುತ್ತಿದ್ದಾರೆ. ಯಾಕೆ?

ನಾನು ಅತಿಥಿಯಾಗಿ ಹೋಗುವ ಊರುಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡ್ತೀನಿ. ಗಣೇಶೋತ್ಸವದ ವೇದಿಕೆ. ಹನ್ನೆರಡು ಹದಿಮೂರು ವರ್ಷದ ಹುಡುಗಿ ಭಾವಗೀತೆ ಹಾಡ್ತಿರುತ್ತಾಳೆ. ಮೈಕಿನ ಹಿಂದೆಯೇ ಕೀಬೋರ್ಡು, ತಬಲಾ, ಪಕ್ಕದಲ್ಲೇ ದೊಡ್ಡ ಸ್ಪೀಕರು. ಮೈಕ್ ಎಲ್ಲವನ್ನೂ ಹೀರಿಕೊಳ್ಳುತ್ತೆ, ಕುಂಯ್ ಅನ್ನುತ್ತೆ. ಮೈಕ್ ಸೆಟ್ಟಿನವರು ಸೌಂಡ್ ಇಳಿಸುತ್ತಾರೆ. ಆಗ ಆ ಮಗುವಿಗೆ ತನ್ನ ಸ್ವರ ತನಗೇ ಕೇಳಿಸೋದಿಲ್ಲ. ಗದ್ದಲದಲ್ಲಿ ಮನುಷ್ಯ ಗೊತ್ತಿಲ್ಲದೇ ಧ್ವನಿ ಏರಿಸುತ್ತಾನೆ ಅಂತ ಫ್ರಾನ್ಸಿನ ಕಿವಿ ಗಂಟಲು ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ಬರೆದಿದ್ದಾರೆ. ಆ ಮಗುವೂ ಅದನ್ನೇ ಮಾಡುತ್ತೆ. ಗಂಟಲಿನ ನರ ಉಬ್ಬುತ್ತೆ. ಎರಡನೇ ಚರಣದಲ್ಲಿ ಸ್ವರ ಒಡೆಯುತ್ತೆ. ಕೆಳಗೆ ಕೂತವರು "ಪಾಪ, ಪ್ರಾಕ್ಟೀಸ್ ಸಾಲದು" ಅಂತಾರೆ. ಸಾಲದ್ದು ಪ್ರಾಕ್ಟೀಸಲ್ಲ ಸ್ವಾಮಿ, ಸರಿಯಾದ ಮೈಕು ಮತ್ತು ಅದನ್ನಿಡುವ ಜಾಗ.

ಹಾಗಾಗಿ ಮೈಕ್ ಆರಿಸುವವರಿಗೆ ನನ್ನ ನಾಲ್ಕು ಮಾತು.

ಮೊದಲನೇದು, ಅಂಕಿಗಳಿಗೆ ಮರುಳಾಗಬೇಡಿ. ಮನುಷ್ಯನ ಕಿವಿ 20ರಿಂದ 20,000 ಹರ್ಟ್ಸ್ ತನಕ ಕೇಳುತ್ತೆ ಅಂತಾರೆ. ಒಳ್ಳೇ ಕಂಡೆನ್ಸರ್ ಮೈಕ್ ಅಷ್ಟನ್ನೂ ಹಿಡಿಯುತ್ತೆ. ಎಸ್‌ಎಂ58 ಹಿಡಿಯೋದು 50ರಿಂದ 15,000. ಕಾಗದದ ಮೇಲೆ ಅದು ಸೋತಂತೆ ಕಾಣುತ್ತೆ. ನನ್ನ ಕೋಟಿಗೆ ಸಿಕ್ಕಿಸೋ ಪುಟ್ಟ ಮೈಕ್ ಕಂಡೆನ್ಸರೇ, ಸ್ಟುಡಿಯೋದ ಮೌನಕ್ಕೆ ಅದು ಸರಿ. ಬಯಲು ವೇದಿಕೆಯ ಗಲಾಟೆಯಲ್ಲಿ, ಸ್ಪೀಕರುಗಳ ನಡುವೆ, ಹೆಚ್ಚಿನವರಿಗೆ ಕಾರ್ಡಿಯಾಯ್ಡ್ ಡೈನಾಮಿಕ್ ಮೈಕೇ ಕ್ಷೇಮ. ಡೈನಾಮಿಕ್ ಅಂತ ಬರೆದಿದ್ದರಷ್ಟೇ ಸಾಲದು, ಯಾವ ದಿಕ್ಕಿನದು ಅಂತಲೂ ನೋಡಿ. ನಮ್ಮ ವರದಿಗಾರರು ಬೀದಿಯಲ್ಲಿ ಹಿಡಿಯುವ ಡೈನಾಮಿಕ್ ಮೈಕುಗಳಲ್ಲಿ ಎಷ್ಟೋ ಸುತ್ತಲೂ ಕೇಳಿಸಿಕೊಳ್ಳುವಂಥವು. ಹಾಡಿಗೆ ಅವು ಬೇಡ.

ಎರಡನೇದು, ಸ್ಪೀಕರ್ ಎಲ್ಲಿಡ್ತೀರಿ ನೋಡಿ. ಗಾಯಕರಿಗೆ ಅವರ ಧ್ವನಿ ಕೇಳಿಸೋ ಮಾನಿಟರ್ ಕಾರ್ಡಿಯಾಯ್ಡ್ ಮೈಕಿನ ನೇರ ಹಿಂದಿರಬೇಕು. ಸೂಪರ್ ಕಾರ್ಡಿಯಾಯ್ಡ್ ಅನ್ನೋ ಇನ್ನೊಂದು ಜಾತಿ ಇದೆ. ಅದಕ್ಕೆ ಮುಂದಿನ ದೃಷ್ಟಿ ಇನ್ನೂ ಕಿರಿದು, ಆದರೆ ಬೆನ್ನ ಹಿಂದೆ ಸ್ವಲ್ಪ ಕಿವಿ ತೆರೆದಿರುತ್ತೆ. ಅದಕ್ಕೆ ಮಾನಿಟರನ್ನು ಹಿಂದೆ ಓರೆಯಾಗಿ ಇಡಬೇಕು.

ಮೂರನೇದು, ಹಿಡಿಯುವ ರೀತಿ. ಸಿನಿಮಾ ನೋಡಿ ಮೈಕಿನ ಗುಂಡು ತಲೆಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡೀತಾರೆ. ಹಾಗೆ ಹಿಡಿದರೆ ಬಾವರ್ ಬಿಟ್ಟ ಹಿಂದಿನ ಕಿಂಡಿಯ ದಾರಿ ಮುಚ್ಚಿಹೋಗುತ್ತೆ. ಮೈಕ್ ಮತ್ತೆ ಸುತ್ತಲಿನದನ್ನೆಲ್ಲ ಕೇಳಿಸಿಕೊಳ್ಳತೊಡಗುತ್ತೆ, ಕಿರುಚುತ್ತೆ. ಹಿಡಿ ಇರೋದು ಹಿಡಿಯೋಕೆ. ತುಟಿಗೆ ತೀರಾ ಹತ್ತಿರ ತಂದರೆ ಧ್ವನಿ ದಪ್ಪಗಾಗುತ್ತೆ, ಮಂದ್ರಕ್ಕೆ ಚೆಂದ. ತಾರಕ್ಕೆ ಏರುವಾಗ ಸ್ವಲ್ಪ ದೂರ ಸರಿಸಿ.

ನಾಲ್ಕನೇದು, ಅಸಲಿ ಕೊಳ್ಳಿ. ಇಷ್ಟು ಹೆಸರಾದ ಮೈಕಿಗೆ ನಕಲಿಗಳೂ ಬಹಳ. ಅರ್ಧ ಬೆಲೆಗೆ ಸಿಕ್ತು ಅಂತ ಹಿಗ್ಗುವ ಮುಂಚೆ ಅಧಿಕೃತ ಮಾರಾಟಗಾರರ ಬಿಲ್ ಇದೆಯಾ ನೋಡಿ. ಜೊತೆಗೆ ಅದೇ ಹೆಸರೇ ಬೇಕು ಅಂತಲೂ ಇಲ್ಲ. ಡೈನಾಮಿಕ್ ಮೈಕ್ ಮಾಡುವ ಒಳ್ಳೇ ಕಂಪನಿಗಳು ಹಲವಿವೆ. ಅಂಗಡಿಯಲ್ಲಿ ಎರಡು ಮೂರು ಮೈಕಿಗೆ ನಿಮ್ಮದೇ ಹಾಡು ಹಾಡಿ ನೋಡಿ. ಹಾಡದೆ, ಪಕ್ಕದಲ್ಲಿ ಬೇರೆಯವರನ್ನು ಮಾತಾಡಿಸಿಯೂ ನೋಡಿ. ಅವರ ಮಾತು ಎಷ್ಟು ಕಮ್ಮಿ ಕೇಳುತ್ತೋ ಅಷ್ಟು ನಿಮಗೆ ಲಾಭ.

ಸುದ್ದಿ ವಾಹಿನಿಯವನ ಬಾಯಲ್ಲಿ ಈ ಮಾತು ಕೇಳಿ ನೀವು ನಗಬಹುದು. ನಮ್ಮ ಚರ್ಚೆಗಳಲ್ಲಿ ಆರು ಜನರ ಮೈಕ್ ಒಟ್ಟಿಗೆ ತೆರೆದಿರುತ್ತೆ, ಆರೂ ಜನ ಒಟ್ಟಿಗೆ ಕೂಗ್ತಾರೆ, ಮನೆಯಲ್ಲಿ ಕೂತ ನಿಮಗೆ ಒಬ್ಬರ ಮಾತೂ ತಿಳಿಯಲ್ಲ. ಅಲ್ಲೂ ಲೊಂಬಾರ್ ಹೇಳಿದ್ದೇ ನಡೆಯೋದು. ಬಾವರ್ 1939ರಲ್ಲಿ ಬಿಡಿಸಿದ ಲೆಕ್ಕ ನಮಗಿನ್ನೂ ಬಿಡಿಸೋಕೆ ಬಂದಿಲ್ಲ.

ಮೈಕ್ ಹಾಳಾದರೆ ರಿಪೇರಿ ಮಾಡಿಸಬಹುದು, ಇಲ್ಲದಿದ್ದರೆ ಹೊಸದು ತರಬಹುದು. ಹದಿಮೂರು ವರ್ಷದ ಹುಡುಗಿಯ ಗಂಟಲು ಯಾವ ಅಂಗಡಿಯಲ್ಲೂ ಸಿಗೋದಿಲ್ಲ. ಈ ಸಲ ನಿಮ್ಮ ಊರಿನ ಉತ್ಸವಕ್ಕೆ ಚಂದಾ ಎತ್ತಿದಾಗ ಪೆಂಡಾಲಿನ ಸೀರಿಯಲ್ ಸೆಟ್ಟಿನಲ್ಲಿ ಒಂದೆರಡು ಸಾಲು ಕಡಿಮೆ ಮಾಡಿ. ಹಾಡುವವರಿಗೆ ಒಂದು ಒಳ್ಳೇ ಮೈಕ್ ತನ್ನಿ.